ಶೋಕೇಸಿನೊಳಗೆ ಒಂದು ವೈಜಿ: ಏಳು ತಿಂಗಳು ಕಟ್ಟಿದ ಮೇಲೆ

ಹೊಸ ಪ್ಯಾಂಟನ್ನು ಹಳೇದು ಮಾಡಿ ಕೊಡೋದು ನನ್ನ ಹೊಟ್ಟೆಪಾಡು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ. ಹೊಲಿದದ್ದನ್ನು ನನ್ನಂಥವರ ಹತ್ತಿರ ತಂದು ಹಾಕುತ್ತಾರೆ. ನಾವು ಕಲ್ಲು ಹಾಕಿ ತೊಳೆದು, ಮೊಣಕಾಲ ಹತ್ತಿರ ಎಮರಿ ಪೇಪರ್ ಉಜ್ಜಿ, ತೊಡೆ ಮೇಲೆ ಮಡಿಕೆ ಬಿದ್ದಂಗೆ ಬಿಳಿ ಗೆರೆ ಎಳೆದು ವಾಪಸ್ ಕೊಡುತ್ತೇವೆ. ಆ ಗೆರೆಗೆ ನಮ್ಮ ಹುಡುಗರು ಮೀಸೆ ಅಂತಾರೆ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ವೈಜಿ ಅನ್ನುವ ಹಳೇ ರೈಲು ಇಂಜಿನ್ನಿನ ಮಾದರಿ ಕಿಟ್ಟಿನ ಈ ವಿಮರ್ಶೆಯಲ್ಲಿ ಅರ್ಧ ಬುದ್ಧಿ ಅಲ್ಲಿಂದ ಬಂದದ್ದು. ಇನ್ನರ್ಧ ನಮ್ಮ ದೊಡ್ಡಪ್ಪನದು. ಅವರು ಮೀಟರ್ ಗೇಜ್ ಕಾಲದಲ್ಲಿ, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಇದ್ದ ಕಾಲದಲ್ಲಿ, ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ಈಗ ವಯಸ್ಸು 84. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮಂಜಾಗಿಲ್ಲ.

ಕಿಟ್ ವಿಷಯಕ್ಕೆ ಬರ್ತೀನಿ. ತರಿಸಿದ್ದು ವೈಜಿ ಸ್ಟೀಮ್ ಇಂಜಿನ್ನಿನ ಕಿಟ್. ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಸೇರಿ 312 ಬಿಡಿಭಾಗ. ಬೆಲೆ 18,500 ರೂಪಾಯಿ, ಕೊರಿಯರ್ ಬೇರೆ. ದೊಡ್ಡ ಭಾಗಗಳೆಲ್ಲ ತ್ರಿಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್, ಸಣ್ಣವು ರೆಸಿನ್, ರಾಡುಗಳು ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್. ಒಂದು ಪೊಟ್ಟಣ ಸಣ್ಣ ಸ್ಕ್ರೂ, ಎರಡು ಹಿತ್ತಾಳೆ ತಂತಿ. ಮಾರುವವರು ಯಾವುದೋ ದೊಡ್ಡ ಕಂಪನಿ ಅಲ್ಲ. ಮನೆಯಲ್ಲೇ ಎರಡು ಮಷೀನ್ ಇಟ್ಟುಕೊಂಡು, ಆರ್ಡರ್ ಬಂದಾಗ ಪ್ರಿಂಟ್ ಮಾಡಿ ಕಳಿಸುವ ಒಬ್ಬ ಮನುಷ್ಯ. ಅವರ ಹೆಸರು ಇಲ್ಲಿ ಹಾಕೋದಿಲ್ಲ. ಕೆಲವು ಕಡೆ ಬೈಯೋದಿದೆ, ಒಬ್ಬನೇ ದುಡಿಯುವವನ ಹೆಸರು ಹಿಡಿದು ಬೈಯೋಕೆ ಮನಸ್ಸಿಲ್ಲ.

ಇಂಜಿನ್ ಓಡೋದಿಲ್ಲ. ಮೋಟಾರ್ ಇಲ್ಲ. ಕೈಯಲ್ಲಿ ತಳ್ಳಿದರೆ ಚಕ್ರ ತಿರುಗುತ್ತದೆ, ರಾಡ್ ಆಡುತ್ತದೆ, ಅಷ್ಟೇ. ಅಂಗಡಿ ಮುಂದಿನ ಗಾಜಿನ ಶೋಕೇಸಿನಲ್ಲಿ ಒಂದು ಸಣ್ಣ ದೃಶ್ಯ ಮಾಡಿ ನಿಲ್ಲಿಸಬೇಕು ಅಂತಲೇ ತರಿಸಿದ್ದು. ಶೋಕೇಸಿನ ಒಳಗಿನ ಹಲಗೆ 100 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ. ಇಂಜಿನ್ನೇ 84 ಸೆಂ.ಮೀ. ಇದೆ. ಚಿಕ್ಕ ಮನೆಗೆ ದೊಡ್ಡ ಮಂಚ ತಂದಂಗೆ ಆಯ್ತು ಅಲ್ವಾ? ಆ ಪಜೀತಿ ಮುಂದೆ ಹೇಳ್ತೀನಿ.

ಮೊದಲು ಅಳತೆ. ಕಿಟ್ಟಿನ ಸ್ಕೇಲ್ 1:22.5, ಅಂದರೆ ನಿಜವಾದ ಇಂಜಿನ್ನಿನ 22.5 ಮಿ.ಮೀ. ಇಲ್ಲಿ 1 ಮಿ.ಮೀ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಎಲ್‌ಜಿಬಿ ಅನ್ನುವ ದೊಡ್ಡ ಆಟದ ರೈಲು 1968ರಲ್ಲಿ ಶುರುವಾಯ್ತು. ಅದರ ಎರಡು ಹಳಿಗಳ ನಡುವಿನ ಅಗಲ 45 ಮಿ.ಮೀ. ಮೀಟರ್ ಗೇಜ್ ಅಂದರೆ 1000 ಮಿ.ಮೀ. ಅದನ್ನು 22.5ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ 45 ಬರುತ್ತದೆ. ಅಂದರೆ ಈ ಸ್ಕೇಲ್ ಮೀಟರ್ ಗೇಜ್ ಇಂಜಿನ್ನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ರಾಯಚೂರಿನ ನನ್ನ ಗೆಳೆಯ ಇದೇ ಸ್ಕೇಲಿನಲ್ಲಿ ಬ್ರಾಡ್ ಗೇಜಿನ, ಅಂದರೆ ಇನ್ನೂ ಅಗಲದ ಹಳಿಯ, ಡಬ್ಲ್ಯೂಜಿ ಇಂಜಿನ್ ಮಾಡ್ತೀನಿ ಅಂತ ಹಠ ಹಿಡಿದಿದ್ದಾನೆ. ಅವನ ಊರಿನ ಗತ್ತು ಅದು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ್ದು ರಾಯಚೂರಿನಲ್ಲೇ, ಅದೂ ಬ್ರಾಡ್ ಗೇಜ್. ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಅವನಿಗೆ 74 ಮಿ.ಮೀ.ಗಿಂತ ಅಗಲದ ಹಳಿ ಬೇಕು. ಅದು ಅಂಗಡಿಯಲ್ಲಿ ಸಿಗೋದಿಲ್ಲ, ಅವನೇ ಕೂತು ಮಾಡಬೇಕು. ನಮ್ಮ ಬಳ್ಳಾರಿ, ಹೊಸಪೇಟೆ ಕಡೆ ತೊಂಬತ್ತರ ದಶಕದವರೆಗೆ ಮೀಟರ್ ಗೇಜ್ ಇತ್ತು. ಹಾಗಾಗಿ ನನಗೆ 45ರ ಹಳಿ ಸಾಕು.

ವೈಜಿ ಅಂದರೆ ಏನು ಅಂತ ಶೋಕೇಸ್ ನೋಡುವವರು ಕೇಳುತ್ತಲೇ ಇರುತ್ತಾರೆ. ವೈ ಅಂದರೆ ಮೀಟರ್ ಗೇಜ್, ಜಿ ಅಂದರೆ ಗೂಡ್ಸ್. ಸ್ವಾತಂತ್ರ್ಯ ಬಂದ ಮೇಲೆ ಸಾವಿರಕ್ಕೂ ಜಾಸ್ತಿ ವೈಜಿಗಳು ತಯಾರಾದವು. ಭಾರತೀಯ ರೈಲ್ವೆಗಾಗಿ ಕಟ್ಟಿದ ಕೊನೆಯ ಸ್ಟೀಮ್ ಇಂಜಿನ್ ಕೂಡ ವೈಜಿಯೇ. 1972ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂತು. ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಳೆಯುವ ಎಂಟು ಚಕ್ರ, ಹಿಂದೆ ಮತ್ತೆ ಎರಡು. ಇಂಥ ಜೋಡಣೆಗೆ ಮಿಕಾಡೊ ಅಂತ ಹೆಸರು. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿ ಜಪಾನಿಗೆ ಇಂಥ ಇಂಜಿನ್ ಕಟ್ಟಿಕೊಟ್ಟಿತ್ತು, ಅಲ್ಲಿಂದ ಬಂದ ಹೆಸರು. ಎಳೆಯುವ ಚಕ್ರ ನಾಲ್ಕು ಅಡಿ ವ್ಯಾಸ, ಅಂದರೆ 1219 ಮಿ.ಮೀ. ಕಿಟ್ ಬಂದ ದಿನವೇ ವರ್ನಿಯರ್ ಹಿಡಿದು ಚಕ್ರ ಅಳೆದೆ. 54.2 ಬರಬೇಕಿತ್ತು, 54 ಬಂತು. ಆ ಮನುಷ್ಯನ ಮೇಲೆ ಅಲ್ಲಿಗೆ ನಂಬಿಕೆ ಹುಟ್ಟಿತು.

ಆ ನಂಬಿಕೆ ಎರಡೇ ಗಂಟೆಯಲ್ಲಿ ಬಗ್ಗಿತು. ಮಾತಿಗೆ ಹೇಳ್ತಿಲ್ಲ, ನಿಜವಾಗಿ ಬಗ್ಗಿತು.

ಕೊರಿಯರ್ ಆಫೀಸಿನಿಂದ ಪೆಟ್ಟಿಗೆ ತಂದದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ. ಅಂಗಡಿಗೆ ತಂದು, ಬಿಚ್ಚಿ, ಚಕ್ರ ಅಳೆದು, ಮತ್ತೆ ತುಂಬಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟೆ, ಸಾಯಂಕಾಲ ಮನೆಗೆ ಒಯ್ಯೋಣ ಅಂತ. ಕಾರು ನಿಂತದ್ದು ಬಿಸಿಲಲ್ಲಿ, ಗಾಜು ಏರಿಸಿ. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ. ಇಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡ್ತಾರೆ. ಎರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಬಾಯ್ಲರ್ ಪಕ್ಕದ ಉದ್ದ ಪಟ್ಟಿ, ಫೈರ್‌ಮನ್ ನಡೆದಾಡುವ ರನ್ನಿಂಗ್ ಬೋರ್ಡು, ನಡುವೆ ಕುಸಿದು ಜೋಕಾಲಿ ಆಗಿತ್ತು. ಪ್ರಿಂಟ್ ಮಾಡಿರುವುದು ಪಿಎಲ್ಎ ಪ್ಲಾಸ್ಟಿಕ್‌ನಲ್ಲಿ. ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಮುಚ್ಚಿದ ಕಾರಿಗೆ ನಮ್ಮೂರಲ್ಲಿ 60 ಡಿಗ್ರಿ ಏನು ದೊಡ್ಡದಲ್ಲ.

ತಪ್ಪು ನನ್ನದೂ ಹೌದು. ಆದರೆ ಪೆಟ್ಟಿಗೆ ಮೇಲೆ "ಬಿಸಿಲಿಗೆ ಇಡಬೇಡಿ" ಅಂತ ಒಂದು ಸಾಲು ಬರೆಯೋಕೆ ಏನು ಖರ್ಚು? ಫೋನ್ ಮಾಡಿದೆ. "ಸಾರ್, ನಮ್ಮ ಕಡೆ ಅಷ್ಟು ಬಿಸಿಲು ಇರೋದಿಲ್ಲ" ಅಂದರು. ಸಿಟ್ಟು ಬಂತು, ನಗುವೂ ಬಂತು. ಬಿಸಿಗೆ ಸ್ವಲ್ಪ ಜಾಸ್ತಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಎರಡು ಪಟ್ಟಿ ಮಾಡಿ ಕಳಿಸಿದರು, 600 ರೂಪಾಯಿ ತಗೊಂಡೇ. ಬಿಟ್ಟಿ ಕೊಡಬಹುದಿತ್ತು. ಆದರೆ ನಾಲ್ಕೇ ದಿನದಲ್ಲಿ ಬಂತು, ಅದನ್ನು ಒಪ್ಪಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಯಾವುದೇ ಪ್ರಿಂಟೆಡ್ ಕಿಟ್ ತರಿಸುವುದಿದ್ದರೆ ಇದೊಂದು ಮಾತು ಮೊದಲೇ ಹೇಳಿ: ಉದ್ದನೆಯ ಭಾಗ ಪಿಎಲ್ಎ ಬೇಡ. ನನ್ನ ಶೋಕೇಸ್ ಪಡುವಣಕ್ಕೆ ಮುಖ ಮಾಡಿತ್ತು. ಅದನ್ನೂ ತಿರುಗಿಸಿ ಇಟ್ಟೆ.

ಬಾಯ್ಲರ್ ಬಗ್ಗೆ ದೂರು ಇಲ್ಲ. ನಾಲ್ಕು ತುಂಡು, ಒಳಗೆ ತೋಡು, ಒಂದಕ್ಕೊಂದು ತಿರುಗಿಸಿದರೆ ಡಬ್ಬಿಯ ಮುಚ್ಚಳದ ಹಾಗೆ ಕೂರುತ್ತದೆ. ಪ್ರಿಂಟಿನ ಗೆರೆಗಳು ಮಾತ್ರ ಕಣ್ಣಿಗೆ ಹೊಡೆಯುತ್ತವೆ. ಈ ಸೈಜಿನಲ್ಲಿ ಒಂದು ರಿವೆಟ್ ಕೂಡ ಎಣಿಸಲು ಸಿಗುವುದರಿಂದ ಗೆರೆಯೂ ಎಣಿಸಲು ಸಿಗುತ್ತದೆ. ಪ್ರೈಮರ್ ಹೊಡೆದು, 320ರ ಎಮರಿ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, ಮತ್ತೆ ಪ್ರೈಮರ್, ಮತ್ತೆ 600ರ ಪೇಪರ್. ಮೂರು ಭಾನುವಾರ ಹೋಯ್ತು. ಆದರೆ ರಿವೆಟ್ ಸಾಲಿನ ಹತ್ತಿರ ಕೈ ಸ್ವಲ್ಪ ಜೋರಾದರೆ ರಿವೆಟ್ಟೇ ಮಾಯ. ಹಾಗೆ ಬಾಯ್ಲರಿನ ಮುಂದಿನ ಹೊಗೆ ಡಬ್ಬಿ, ಅಂದರೆ ಸ್ಮೋಕ್‌ಬಾಕ್ಸಿನಲ್ಲಿ ಹನ್ನೊಂದು ರಿವೆಟ್ ಹೋದವು. ಫೆವಿಕ್ವಿಕ್ಕಿನ ಹನಿ ಸೂಜಿ ತುದಿಯಲ್ಲಿ ಇಟ್ಟು ಮತ್ತೆ ಹುಟ್ಟಿಸಿದೆ. ಒಂದು ಸೊಟ್ಟಗಿದೆ. ಎಲ್ಲಿದೆ ಅಂತ ಹೇಳೋದಿಲ್ಲ.

ಈಗ ರಾಡುಗಳು. ಕಿಟ್ಟಿನ ದೊಡ್ಡ ಗುಣವೂ ಇಲ್ಲೇ, ದೊಡ್ಡ ಎಡವಟ್ಟೂ ಇಲ್ಲೇ.

ಸ್ಟೀಮ್ ಇಂಜಿನ್ ನೋಡುವವರ ಕಣ್ಣು ಮೊದಲು ಹೋಗೋದು ಚಕ್ರದ ಮೇಲಿನ ರಾಡಿಗೆ. ನಾಲ್ಕು ಚಕ್ರಗಳನ್ನು ಕೂಡಿಸುವ ಉದ್ದದ ಕಪ್ಲಿಂಗ್ ರಾಡು, ಸಿಲಿಂಡರಿನಿಂದ ಬರುವ ಕನೆಕ್ಟಿಂಗ್ ರಾಡು, ಅದರ ಮೇಲೆ ವಾಲ್ವ್ ಆಡಿಸುವ ಸಣ್ಣ ಸಣ್ಣ ಕೈಗಳು. ಈ ಕೈಗಳ ಜೋಡಣೆಗೆ ವಾಲ್‌ಶಾರ್ಟ್ಸ್ ಗೇರ್ ಅಂತಾರೆ. ಕಿಟ್ಟಿನಲ್ಲಿ ಇವೆಲ್ಲ ನಿಜವಾಗಿ ಆಡುತ್ತವೆ. ಆಕ್ಸಲಿನ ತುದಿ ಚೌಕ ಮಾಡಿದ್ದಾರೆ. ಹಾಗಾಗಿ ರಾಡು ಚಕ್ರಕ್ಕೆ ಕೂರುವ ಎಡಗಡೆಯ ಕ್ರ್ಯಾಂಕಿಗೂ ಬಲಗಡೆಯದಕ್ಕೂ ಕಾಲು ಸುತ್ತಿನ ವ್ಯತ್ಯಾಸ ತಾನಾಗೇ ಬರುತ್ತದೆ. ಇದು ಜಾಣತನ. ನಿಜವಾದ ಇಂಜಿನ್ನಿನಲ್ಲೂ ಹಾಗೇ ಇರುತ್ತದೆ. ಒಂದು ಬದಿಯ ಪಿಸ್ಟನ್ ತುದಿಗೆ ಹೋಗಿ ಸಿಕ್ಕಿಕೊಂಡಾಗ ಇನ್ನೊಂದು ಬದಿಯದು ನಡುವೆ ಇದ್ದು ಎಳೆಯಬೇಕು. ಎರಡೂ ಒಟ್ಟಿಗೆ ತುದಿಯಲ್ಲಿದ್ದರೆ ಇಂಜಿನ್ ಹೊರಡೋದೇ ಇಲ್ಲ.

ಎಡವಟ್ಟು ಎಲ್ಲಿ ಅಂದರೆ ರಿಟರ್ನ್ ಕ್ರ್ಯಾಂಕಿನಲ್ಲಿ. ಚಕ್ರಕ್ಕೆ ರಾಡು ಹಿಡಿಸುವ ದೊಡ್ಡ ಪಿನ್ನಿನ ತುದಿಗೆ ಕೂರುವ ಕಿರುಬೆರಳಿನ ಒಂದು ಗೆಣ್ಣಿನಷ್ಟು ಚಿಕ್ಕ ತುಂಡು ಅದು. ಪಿನ್ನು ಕೆಳಗೆ ಬಂದಾಗ ಅದು ಸಿಲಿಂಡರಿನ ಕಡೆಗೆ, ಅಂದರೆ ಮುಂದಕ್ಕೆ ವಾಲಿರಬೇಕು. ಎರಡೂ ಬದಿಯಲ್ಲೂ ಮುಂದಕ್ಕೇ. ಎಡ ಬಲ ಕನ್ನಡಿಯಲ್ಲಿ ನೋಡಿದಂಗೆ ಇರಬೇಕು. ನನ್ನ ಕಿಟ್ಟಿನಲ್ಲಿ ಎರಡೂ ಬಲಗಡೆಯವೇ ಬಂದಿದ್ದವು. ಎರಡೂ ಕಾಲಿಗೆ ಬಲಗಾಲಿನ ಚಪ್ಪಲಿ. ಜೋಡಿಸುವ ಚೀಟಿಯಲ್ಲಿ ಈ ಭಾಗದ ಫೋಟೋ ಒಂದೇ ಬದಿಯದು, ಅದೂ ಕತ್ತಲು. ಎಂಟು ದಿನ ನಾನೇ ತಪ್ಪು ಮಾಡ್ತಿದ್ದೀನಿ ಅಂತ ಬಿಚ್ಚಿ ಬಿಚ್ಚಿ ಹಾಕಿದೆ. ಹಾಕಿದರೆ ಎಡಗಡೆಯ ಗೇರ್ ಅರ್ಧ ಸುತ್ತಿಗೆ ಟಕ್ ಅಂತ ನಿಲ್ಲುತ್ತಿತ್ತು.

ಕೊನೆಗೆ ಮದುವೆಗೆ ಅಂತ ಮೈಸೂರಿಗೆ ಹೋದಾಗ ಊಟ ಮುಗಿಸಿ ರೈಲ್ವೆ ಮ್ಯೂಸಿಯಂಗೆ ಓಡಿದೆ. 1979ರಿಂದ ಇದೆ ಅದು, ಮೀಟರ್ ಗೇಜ್ ಇಂಜಿನ್ನುಗಳನ್ನು ಮುಟ್ಟುವಷ್ಟು ಹತ್ತಿರ ನಿಂತು ನೋಡಬಹುದು. ರೇಷ್ಮೆ ಅಂಗಿ ಹಾಕಿಕೊಂಡು ನೆಲಕ್ಕೆ ಕೂತು ರಾಡಿನ ಫೋಟೋ ತೆಗೆಯುವವನನ್ನು ನೋಡಿ ಅಲ್ಲಿನ ಮಕ್ಕಳು ಇಂಜಿನ್ ಬಿಟ್ಟು ನನ್ನನ್ನೇ ನೋಡಿದವು. ಎರಡೂ ಬದಿಯ ಫೋಟೋ ತಂದು ಪಕ್ಕಪಕ್ಕ ಇಟ್ಟ ಮೇಲೆ ತಪ್ಪು ಕಿಟ್ಟಿನದೇ ಅಂತ ಖಾತ್ರಿ ಆಯ್ತು. ಹಿತ್ತಾಳೆ ತಗಡಿನಲ್ಲಿ ಎಡಗಡೆಯದನ್ನು ನಾನೇ ಕೊರೆದೆ. ಮಾರಿದವರಿಗೂ ಫೋಟೋ ಕಳಿಸಿದೆ. "ಹೌದು ಸಾರ್, ಫೈಲ್ ಮಿರರ್ ಮಾಡೋದು ಮರೆತಿದ್ದೆ" ಅಂದರು. ಈಗ ಸರಿ ಮಾಡಿದ್ದಾರಂತೆ. ನೀವು ತರಿಸಿದರೆ ಮೊದಲು ಆ ಎರಡು ತುಂಡನ್ನು ಮೇಜಿನ ಮೇಲೆ ಎದುರುಬದುರು ಇಟ್ಟು ನೋಡಿ.

ಪಿನ್ನುಗಳ ತುದಿಗೆ ಕೊಟ್ಟಿದ್ದ ರೆಸಿನ್ ಮುಚ್ಚಳಗಳು ಗಾಜಿನ ಹಾಗೆ ಪುಡಿ ಆಗುತ್ತವೆ. ಎಂಟರಲ್ಲಿ ಐದು ಒಡೆದವು. ಅದಕ್ಕೆ ನನ್ನ ಕಾರ್ಖಾನೆಯಲ್ಲೇ ಔಷಧಿ ಸಿಕ್ಕಿತು. ಜೀನ್ಸಿನ ಜೇಬಿನ ಮೂಲೆಗೆ ಹೊಡೆಯುವ ರಿವೆಟ್ 9 ಮಿ.ಮೀ. ಅಗಲ. ಇಂಜಿನ್ನಿನ ಲೆಕ್ಕದಲ್ಲಿ 20 ಸೆಂ.ಮೀ. ಕ್ರ್ಯಾಂಕ್ ಪಿನ್ನಿನ ಮುಚ್ಚಳಕ್ಕೆ ಹೇಳಿ ಮಾಡಿಸಿದ ಅಳತೆ. ರಿವೆಟ್ ತಲೆಯ ಕೆಳಗಿನ ಮೊಳೆ ಕತ್ತರಿಸಿ, ಮುಖ ತಿಕ್ಕಿ, ಎಣ್ಣೆ ಬಣ್ಣ ಸವರಿದೆ. ಗೊತ್ತಿಲ್ಲದವರು ಯಾರೂ ಕಂಡುಹಿಡಿದಿಲ್ಲ. ಗೊತ್ತಿರುವ ನಮ್ಮ ಹುಡುಗರು ಮಾತ್ರ, "ಅಣ್ಣಾ, ಇಂಜಿನ್ನಿಗೂ ಪ್ಯಾಂಟ್ ಹಾಕ್ಸಿದ್ಯಾ?" ಅಂತ ಕೇಳ್ತಾರೆ.

ಇನ್ನು ಹಲಗೆಯ ಪಜೀತಿ. ಮೊದಲು ನಾನು ಸ್ಟೇಷನ್ ಮಾಡಿದೆ. ರಟ್ಟಿನಲ್ಲಿ ಗೋಡೆ, ಕಮಾನು, ಹಳದಿ ಬೋರ್ಡು, ಎಲ್ಲ. ಹತ್ತು ಮೀಟರ್ ಉದ್ದದ ಸಣ್ಣ ಸ್ಟೇಷನ್ ಅಂದರೂ ಈ ಸ್ಕೇಲಿನಲ್ಲಿ 44 ಸೆಂ.ಮೀ. ಅದರ ಮುಂದೆ ಇಂಜಿನ್ ನಿಲ್ಲಿಸಿದರೆ ಬಸ್ಸಿನಲ್ಲಿ ಮೂವರ ಸೀಟಿಗೆ ಐವರು ಕೂತಂಗೆ ಕಾಣಿಸಿತು. ಹಿಂದೆ ಬಳ್ಳಾರಿ ಗುಡ್ಡದ ಫೋಟೋ ಬೇರೆ ಅಂಟಿಸಿದ್ದೆ. ಇಂಜಿನ್ನೂ ದೊಡ್ಡದು, ಗುಡ್ಡವೂ ದೊಡ್ಡದು, ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗೋದಿಲ್ಲ. ಎಲ್ಲ ಕಿತ್ತು ಹಾಕಿದೆ.

ಇಂಜಿನ್ ದೊಡ್ಡದಾದಷ್ಟೂ ಸುತ್ತಲಿನ ಜಾಗ ಕಮ್ಮಿ ಹೇಳಬೇಕು ಅಂತ ಅಲ್ಲಿ ಗೊತ್ತಾಯ್ತು. ಊರು ಬೇಡ, ಸ್ಟೇಷನ್ ಬೇಡ. ಇಂಜಿನ್ ನೀರು ಕುಡಿಯಲು ನಿಲ್ಲುವ ಹನ್ನೆರಡು ಮಾರು ಜಾಗ ಸಾಕು. ನೀರಿನ ಕಂಬ, ಬೂದಿ ಗುಂಡಿ, ಎರಡು ಬಂಡೆ, ಒಂದು ಬಳ್ಳಾರಿ ಜಾಲಿ ಪೊದೆ. ಜಾಲಿ ಅಂತೂ ಹುಡುಕೋದೇ ಬೇಡ, ನಮ್ಮೂರ ಹೆಸರು ಹೊತ್ತ ಗಿಡ, ನಾವು ಬೇಡ ಅಂದರೂ ಬರುತ್ತದೆ. ಒಣಗಿದ ಬೇರಿನ ತುದಿ ಕಿತ್ತು ತಂದು, ಅಂಟು ಸವರಿ, ಹಸಿರು ಪುಡಿ ಉದುರಿಸಿದರೆ ಪೊದೆ ತಯಾರು.

ಹಳಿಯನ್ನು ಹಲಗೆ ಅಂಚಿಗೆ ನೇರವಾಗಿ ಹಾಕಬೇಡಿ. ಸುಮಾರು ಎಂಟು ಡಿಗ್ರಿ ಓರೆ ಮಾಡಿ. ಇಷ್ಟೇ ಬದಲಾವಣೆಗೆ ಶೋಕೇಸ್ ಎರಡು ಪಟ್ಟು ಉದ್ದ ಕಾಣುತ್ತದೆ. ಇಂಜಿನ್ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಹಾಗೆ ಇರುತ್ತದೆ. ನೇರ ಹಾಕಿದರೆ ಕಪಾಟಿನಲ್ಲಿ ಇಟ್ಟ ಸಾಮಾನು, ಅಷ್ಟೇ.

ಹಳಿ ಕೆಳಗೆ ಅಡ್ಡ ಇಡುವ ಮರದ ಸ್ಲೀಪರುಗಳನ್ನು ಹಳೇ ಕಿಟಕಿಯ ಸಾಗುವಾನಿ ಚೌಕಟ್ಟಿನಿಂದ ಸೀಳಿಸಿದೆ. 80 ಮಿ.ಮೀ. ಉದ್ದ, 9 ಮಿ.ಮೀ. ಅಗಲ. ಹೊಸದಾಗಿ ಸೀಳಿದ ತೇಗ ಹಳದಿಯಾಗಿ ಹೊಳೆಯುತ್ತಿತ್ತು. ಪ್ಯಾಂಟಿನ ಬಣ್ಣ ತೆಗೆಯಲು ನಾವು ಬಳಸುವ ಪರ್ಮಾಂಗನೇಟ್ ನೀರನ್ನು ಅದರ ಮೇಲೆ ಸವರಿದೆ. ಹಚ್ಚುವಾಗ ನೇರಳೆ, ನೋಡ್ತಾ ನೋಡ್ತಾ ಕಂದು, ಒಣಗಿದ ಮೇಲೆ ಬಿಸಿಲು ಮಳೆ ತಿಂದ ಹಳೇ ಮರದ ಬಣ್ಣ. ಬಟ್ಟೆಯಲ್ಲಿ ಬಣ್ಣ ಕಳೆಯುವ ನೀರು ಮರಕ್ಕೆ ಬಣ್ಣ ಕೊಡುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬೆರಳು ಒಂದು ವಾರ ಸ್ಲೀಪರಿನ ಬಣ್ಣದಲ್ಲೇ ಇರುತ್ತವೆ.

ಇಂಜಿನ್ನಿಗೆ ಬಣ್ಣ ಹಚ್ಚುವಾಗ ನನಗೆ ಜಂಬ ಇತ್ತು. ಹಳೇದು ಮಾಡೋದು ನನ್ನ ಕಸುಬು ಅಲ್ವಾ? ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ "ಕಪ್ಪು ಬಣ್ಣ ಹೊಡೆದು, ಕಂದು ಬಣ್ಣ ತೆಳ್ಳಗೆ ಎಲ್ಲಾ ಕಡೆ ಸವರಿ" ಅಂತ ಇದೆ. ಇದು ಅತ್ಯಂತ ಕೆಟ್ಟ ಸಲಹೆ. ಎಲ್ಲಾ ಕಡೆ ಒಂದೇ ಸಮ ಹಳೇದಾಗುವ ವಸ್ತು ಲೋಕದಲ್ಲಿ ಇಲ್ಲ. ಪ್ಯಾಂಟು ಸವೆಯೋದು ಮೊಣಕಾಲಲ್ಲಿ, ಮೊಬೈಲ್ ಇಡುವ ಜೇಬಿನಲ್ಲಿ, ಹಿಮ್ಮಡಿಗೆ ತಾಗುವ ಅಂಚಿನಲ್ಲಿ. ಇಂಜಿನ್ನೂ ಹಾಗೇ. ಡ್ರೈವರ್ ನಿಲ್ಲುವ ಕ್ಯಾಬ್ ಹತ್ತುವ ಮೆಟ್ಟಿಲಿನ ಅಂಚು ಬೂಟಿಗೆ ಸವೆದು ಬೆಳ್ಳಗೆ ಹೊಳೆಯಬೇಕು. ಕೈ ಹಿಡಿಯುವ ಕಂಬಿ ಬೆವರಿಗೆ ನುಣ್ಣಗಾಗಿರಬೇಕು. ಬಾಯ್ಲರಿನ ಬೆನ್ನು ಮಸಿಗೆ ಮಂಕು. ಸ್ಮೋಕ್‌ಬಾಕ್ಸ್ ಕಾವಿಗೆ ಬಣ್ಣ ಸುಟ್ಟು ಬೂದು. ಕಪ್ಪು ಬಣ್ಣವನ್ನೂ ಅಪ್ಪಟ ಕಪ್ಪು ಹಚ್ಚಬೇಡಿ, ಒಂದು ಚಮಚ ಬೂದು ಬೆರೆಸಿ. ಅಪ್ಪಟ ಕಪ್ಪು ಆಟಿಕೆಗೆ ಸರಿ.

ನೀರು ಸೋರುವ ಕಡೆ ಸುಣ್ಣದ ಗೆರೆ ಎಳೆಯೋದು ಮರೀಬೇಡಿ. ನಮ್ಮ ಕಡೆಯ ನೀರು ಎಷ್ಟು ಗಡುಸು ಅಂತ ಬಚ್ಚಲಮನೆಯ ಹೀಟರ್ ಕಾಯಿಲ್ ನೋಡಿದವರಿಗೆ ಗೊತ್ತು. ಬಾಯ್ಲರ್ ತೊಳೆಯುವ ಪ್ಲಗ್ಗಿನ ಕೆಳಗೆ, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರಿನ ಹತ್ತಿರ, ಸೇಫ್ಟಿ ವಾಲ್ವಿನ ಸುತ್ತ ಬಿಳಿ ಕಣ್ಣೀರಿನ ಗೆರೆ ಇಳಿದಿರಬೇಕು. ಆಮೇಲೆ ಕೆಂಪು ಧೂಳು. ಸಂಡೂರು ರಸ್ತೆಯ ಪಕ್ಕದಿಂದ ಒಂದು ಡಬ್ಬಿ ತಂದೆ. ಅದಿರಿನ ಧೂಳು ತಾನೇ ಬಣ್ಣ, ಅಂಗಡಿಯ ಕೆಂಪು ಪುಡಿಗೆ ದುಡ್ಡು ಕೊಡುವ ಅಗತ್ಯ ಇಲ್ಲ. ಆದರೆ ಹಾಗೇ ಉದುರಿಸಿದರೆ ಕಾಳು ದಪ್ಪ, ಈ ಸ್ಕೇಲಿನಲ್ಲಿ ಜೋಳ ಚೆಲ್ಲಿದಂಗೆ ಕಾಣುತ್ತದೆ. ಪ್ಯಾಂಟಿನ ಜೇಬಿನ ಒಳಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಚಕ್ರದ ಮೇಲೆ, ಟೆಂಡರಿನ ಕೆಳ ಅಂಚಿನಲ್ಲಿ ಮಾತ್ರ. ಮೇಲೆ ವಾರ್ನಿಷ್ ಹೊಡೆದರೆ ಬಣ್ಣ ಒಂದು ಪಟ್ಟು ಗಾಢ ಆಗುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ಕಮ್ಮಿ ಹಾಕಿ.

ಇಷ್ಟೆಲ್ಲ ಆದ ಮೇಲೆ ದೊಡ್ಡಪ್ಪನನ್ನು ಆಟೋದಲ್ಲಿ ಕರೆದುಕೊಂಡು ಬಂದೆ. ಒಗ್ಗರಣೆ ಮಿರ್ಚಿ ತರಿಸಿದೆ. ಅವರು ತಿನ್ನುತ್ತಾ ಗಾಜಿಗೆ ಮೂಗು ತಾಗಿಸಿ ಹತ್ತು ನಿಮಿಷ ನೋಡಿದರು. ರಾಡು ನೋಡಲಿಲ್ಲ, ರಿವೆಟ್ ನೋಡಲಿಲ್ಲ. ಕೊನೆಗೆ ಅಂದದ್ದು ಇಷ್ಟೇ: "ಇದು ಡೆಡ್ ಇಂಜಿನ್ ಐತೇನು? ಕೆಳಗ ನೆಲ ಒಣಗೈತಲ್ಲೋ."

ಎದೆ ಧಸಕ್ ಅಂತು. ನಿಜ. ಉಗಿ ಇರುವ ಇಂಜಿನ್ ಎಲ್ಲಾದರೂ ಸೋರದೇ ನಿಲ್ಲುತ್ತದಾ? ಸಿಲಿಂಡರಿನ ಡ್ರೇನ್ ಕಾಕ್‌ನಿಂದ, ಇಂಜೆಕ್ಟರಿನಿಂದ, ನೀರು ತುಂಬುವಾಗ ಟೆಂಡರಿನ ಬಾಯಿಂದ ಹರಿದು ಕೆಳಗೆ ಯಾವಾಗಲೂ ಕೆಸರು. ನಾನು ಅಲ್ಲಿ ಗ್ರಾನೈಟ್ ಅಂಗಡಿಯಿಂದ ತಂದ ಜಲ್ಲಿ ಚೂರನ್ನು ಸೋಸಿ, 2 ಮಿ.ಮೀ.ಯದು ಆರಿಸಿ, ಮದುವೆ ಮಂಟಪದ ಹಾಗೆ ಹಾಸಿದ್ದೆ. "ನೀರು ಕುಡಿಯೋ ಜಾಗದಾಗ ಇಷ್ಟು ಚಂದ ಜಲ್ಲಿ ಎಲ್ಲಿರ್ತದ? ಬೂದಿ ಇರ್ತದ, ಕಿಟ್ಟ ಇರ್ತದ, ಎಣ್ಣೆ ಇರ್ತದ" ಅಂದರು. ಅರ್ಧ ಜಲ್ಲಿ ಕೆರೆದು ತೆಗೆದೆ. ಒಲೆ ಬೂದಿ, ಇದ್ದಿಲ ಪುಡಿ ಕಲಸಿ ಹಾಕಿ, ಅದರ ಮೇಲೆ ಹೊಳೆಯುವ ವಾರ್ನಿಷ್ ಹನಿಹನಿಯಾಗಿ ಬಿಟ್ಟೆ. ಮರುದಿನ ಅಂಗಡಿಗೆ ಬಂದ ಒಬ್ಬ ವ್ಯಾಪಾರಿ ಶೋಕೇಸ್ ನೋಡಿ, "ಮಳೆ ನೀರು ಒಳಗೆ ಬರ್ತಿದೆ ನೋಡ್ರಿ" ಅಂದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿಲ್ಲ.

ಎರಡನೇ ತಪ್ಪು ಬೆಂಕಿ. ಕಿಟ್ಟಿನವರು 350 ರೂಪಾಯಿಗೆ ಒಂದು ಎಲ್ಇಡಿ ಮಾರುತ್ತಾರೆ, ಕೆಂಪಗೆ ಮಿಣಕ್ ಮಿಣಕ್ ಅನ್ನುತ್ತದೆ, ಫೈರ್‌ಬಾಕ್ಸಿನ ಬಾಯಲ್ಲಿ ಇಡಲು. ತಗೊಂಡಿದ್ದೆ. ದೊಡ್ಡಪ್ಪ ನೋಡಿ, "ಕೆಂಪು ಬೆಂಕಿ ಅಂದ್ರ ಸ್ಟೀಮ್ ಇಲ್ಲ ಅಂತ ಲೆಕ್ಕ. ಡ್ರೈವರ್ ಬೈತಾನ" ಅಂದರು. ಚೆನ್ನಾಗಿ ಉರಿಯುವ ಬೆಂಕಿ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಿರುತ್ತದಂತೆ, ಬರಿಗಣ್ಣಲ್ಲಿ ಒಳಗೆ ನೋಡೋಕೇ ಆಗೋದಿಲ್ಲವಂತೆ. ಮಿಣುಕುವ ದೀಪ ತೆಗೆದು ದೀಪಾವಳಿ ಸರದಿಂದ ಒಂದು ಬೆಚ್ಚನೆಯ ಬಿಳಿ ಬಲ್ಬು ಕಿತ್ತು ಹಾಕಿದೆ. 350 ರೂಪಾಯಿ ದಂಡ. ನೀವು ಕೊಳ್ಳಬೇಡಿ.

ಉಳಿದ ಹೆಚ್ಚುವರಿ ಸಾಮಾನುಗಳದ್ದೂ ಇದೇ ಕಥೆ. ನೀರಿನ ಕಂಬಕ್ಕೆ 1,400 ಕೇಳುತ್ತಾರೆ. ದಪ್ಪ ಬಾಲ್ ಪೆನ್ನಿನ ಕೊಳವೆ, ಸೈಕಲ್ ವಾಲ್ವಿನ ಟೋಪಿ, ಒಂದು ಹಳೇ ಬೀಗದ ಕೈ ಇದ್ದರೆ ಭಾನುವಾರ ಬೆಳಗ್ಗೆ ಮುಗಿಯುವ ಕೆಲಸ. ಕಂಬದಿಂದ ಇಳಿಬಿಡುವ ಚೀಲಕ್ಕೆ ಜೇಬಿನ ಬಟ್ಟೆಯನ್ನೇ ಕೊಳವೆ ಹೊಲಿದು, ಟೀ ಡಿಕಾಕ್ಷನ್‌ನಲ್ಲಿ ಅದ್ದಿದೆ. ಗೊಂಬೆಗಳು ಮಾತ್ರ ಅವರ ಹತ್ತಿರವೇ ತಗೊಳ್ಳಿ. ಐದೂವರೆ ಅಡಿ ಮನುಷ್ಯ 75 ಮಿ.ಮೀ. ಬರುತ್ತಾನೆ. ಸಲಿಕೆ ಹಿಡಿದ ಫೈರ್‌ಮನ್ 450 ರೂಪಾಯಿ, ಬೆನ್ನು ಬಾಗಿದ ರೀತಿ ನೋಡಿದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಹಾಗಾದರೆ ಕೊಳ್ಳಬಹುದಾ? ತಿಂಗಳಲ್ಲಿ ಮುಗಿಸಿ ಫೋಟೋ ಹಾಕಬೇಕು ಅನ್ನುವವರಿಗೆ ಬೇಡ. ಚೀಟಿ ನೋಡಿ ಕಟ್ಟುವವರಿಗೂ ಬೇಡ, ಯಾಕಂದರೆ ಚೀಟಿ ದಂಡ. ಬಾಯ್ಲರ್, ಚಕ್ರ, ಕ್ಯಾಬಿನ ಒಳಗಿನ ಸಣ್ಣ ಹಿಡಿಕೆಗಳು ಇಷ್ಟು ದುಡ್ಡಿಗೆ ಬೇರೆಲ್ಲೂ ಸಿಗೋದಿಲ್ಲ. ಅದರಲ್ಲೂ ನಮ್ಮ ಇಂಜಿನ್, ಹೊರದೇಶದ್ದಲ್ಲ. ಬಣ್ಣ, ಪೇಪರು, ಹಳಿ ಎಲ್ಲಾ ಸೇರಿ ನನಗೆ ಇನ್ನೂ ಆರು ಸಾವಿರದಷ್ಟು ಹಿಡಿಯಿತು. ಟೆಂಡರ್ ಬಿಟ್ಟು ಬರೀ ಇಂಜಿನ್ ಕೊಡ್ತೀರಾ ಅಂತ ಕೇಳುವವರೂ ಇದ್ದಾರಂತೆ. ಕೇಳಬೇಡಿ. ಟೆಂಡರ್ ಇಲ್ಲದ ವೈಜಿ ತಲೆ ಇದ್ದು ಮೈ ಇಲ್ಲದ ಹಾಗೆ.

ಬಗ್ಗಿದ ಹಳೇ ರನ್ನಿಂಗ್ ಬೋರ್ಡ್ ಎಸೆಯಲಿಲ್ಲ. ತುಕ್ಕಿನ ಬಣ್ಣ ಹಚ್ಚಿ ಬೂದಿ ಗುಂಡಿಯ ಪಕ್ಕ ಗುಜರಿ ಕಬ್ಬಿಣ ಅಂತ ಒರಗಿಸಿದ್ದೇನೆ.

ಹೋದ ವಾರ ದೊಡ್ಡಪ್ಪನ ಜೊತೆ ದೊಡ್ಡಮ್ಮನೂ ಬಂದಿದ್ದರು. ಇಂಜಿನ್ ನೋಡಿದರು, ಒದ್ದೆ ನೆಲ ನೋಡಿದರು. "ಬಕೆಟ್ ಎಲ್ಲಿ?" ಅಂದರು. ಕ್ವಾರ್ಟರ್ಸಿನಲ್ಲಿದ್ದಾಗ ಇಂಜಿನ್ ಬಂದು ನಿಂತರೆ ಹೆಂಗಸರು ಬಕೆಟ್ ಹಿಡಿದು ಓಡುತ್ತಿದ್ದರಂತೆ. ಬಿಸಿನೀರಿಗೆ. ಪರಿಚಯದ ಫೈರ್‌ಮನ್ ಇದ್ದರೆ ಪೈಪ್ ತಿರುಗಿಸಿ ತುಂಬಿಸಿ ಕೊಡುತ್ತಿದ್ದನಂತೆ. ದೊಡ್ಡಪ್ಪ ಸುಮ್ನೆ ಮಿರ್ಚಿ ತಿನ್ನುತ್ತಿದ್ದರು.

ಮಷೀನಿನ ಪಕ್ಕದ ಡಬ್ಬಿಯಲ್ಲಿ ದರ್ಜಿಗಳು ಬೆರಳಿಗೆ ಹಾಕುವ ಸ್ಟೀಲಿನ ಟೋಪಿ ಇತ್ತು. 16 ಮಿ.ಮೀ. ಎತ್ತರ, ಅಂದರೆ 36 ಸೆಂ.ಮೀ. ಬಕೆಟ್. ಹಿತ್ತಾಳೆ ತಂತಿಯಲ್ಲಿ ಹಿಡಿ ಬಗ್ಗಿಸಿ ಕೂರಿಸಿ, ಇಂಜೆಕ್ಟರಿನ ಪೈಪಿನ ಕೆಳಗೆ ಇಟ್ಟೆ. "ಇನ್ನೂ ಸ್ವಲ್ಪ ಮುಂದ" ಅಂದರು ದೊಡ್ಡಮ್ಮ.